ಓಟು ಹಾಕಿ ಯೇಸುವನ್ನು ದೇವರನ್ನಾಗಿ ಮಾಡಿದರೇ?



ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಕೆಲವೊಮ್ಮೆ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಬರುತ್ತಾರೆ. ಯೇಸು ಒಬ್ಬ ಒಳ್ಳೆಯ ಬೋಧಕರು ಮಾತ್ರವಂತೆ. ಮುನ್ನೂರು ವರ್ಷಗಳ ನಂತರ ರೋಮಿನ ಚಕ್ರವರ್ತಿ ಧರ್ಮಾಧ್ಯಕ್ಷರನ್ನೆಲ್ಲ ಒಂದೆಡೆ ಸೇರಿಸಿ, ಓಟು ಹಾಕಿಸಿ ಅವರನ್ನು ದೇವರನ್ನಾಗಿ ಮಾಡಿದನಂತೆ. ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕೆಂದು ತೀರ್ಮಾನಿಸಿದ್ದೂ ಅವನೇ ಅಂತೆ. 2003ರಲ್ಲಿ ಬಂದ 'ದ ಡಾ ವಿಂಚಿ ಕೋಡ್' ಕಾದಂಬರಿ ಈ ಮಾತನ್ನು ಊರೂರಿಗೆ ಹಂಚಿತು. ಇಂದು ಅದು ಮೊಬೈಲಿನಲ್ಲಿ ಮನೆಯೊಳಗೇ ಬಂದು ಕೂತಿದೆ.

ಇನ್ನೊಂದು ಕಡೆ, ಬೈಬಲನ್ನೇ ಕೈಯಲ್ಲಿ ಹಿಡಿದು ಮನೆ ಬಾಗಿಲಿಗೆ ಬರುವವರಿದ್ದಾರೆ. ಅವರು ಒಂದೆರಡು ವಾಕ್ಯಗಳನ್ನು ತೋರಿಸಿ, ಯೇಸು ದೇವರಲ್ಲ, ದೇವರು ಸೃಷ್ಟಿಸಿದವರಲ್ಲಿ ಮೊದಲಿಗರು ಎನ್ನುತ್ತಾರೆ. ಏನು ಹೇಳಬೇಕೆಂದು ತೋಚದ ಅಮ್ಮಂದಿರು "ನಮ್ಮ ಫಾದರನ್ನು ಕೇಳಿ" ಎಂದು ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಬಾಗಿಲು ಹಾಕಿದರೂ ಪ್ರಶ್ನೆ ಮಾತ್ರ ಮನೆಯೊಳಗೇ ಉಳಿಯುತ್ತದೆ. ಆದ್ದರಿಂದ ಈ ತಿಂಗಳು ನಾವು ಆ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಕುಳಿತುಕೊಳ್ಳೋಣ.

ಮೊದಲು ಚರಿತ್ರೆ. ಕ್ರಿ.ಶ. 325ರಲ್ಲಿ ನೈಸಿಯ ಎಂಬ ಊರಿನಲ್ಲಿ ಮಹಾಸಭೆ ನಡೆದದ್ದು ನಿಜ. ಅದು ಇಂದಿನ ಟರ್ಕಿ ದೇಶದ ಇಜ್ನಿಕ್. ಕರೆದವನು ಚಕ್ರವರ್ತಿ ಕಾನ್‌ಸ್ಟಂಟೈನ್ ಎಂಬುದೂ ನಿಜ. ಆದರೆ ಯೇಸು ಒಬ್ಬ ಸಾಧಾರಣ ಮನುಷ್ಯರೋ ದೇವರೋ ಎಂಬ ಚರ್ಚೆ ಅಲ್ಲಿ ನಡೆಯಲಿಲ್ಲ. ಅಲೆಕ್ಸಾಂಡ್ರಿಯದ ಗುರು ಆರಿಯುಸ್ ಕೂಡ ಕ್ರಿಸ್ತರನ್ನು ಸಾಧಾರಣ ಮನುಷ್ಯರೆಂದು ಹೇಳಿದವನಲ್ಲ. ಅವರು ಲೋಕಕ್ಕಿಂತ ಮೊದಲಿದ್ದವರು, ಲೋಕ ಸೃಷ್ಟಿಯಾದದ್ದೇ ಅವರ ಮೂಲಕ ಎಂದು ಅವನೂ ನಂಬಿದ್ದ. ಆದರೆ ಸುತರು ಇಲ್ಲದಿದ್ದ ಒಂದು ಸ್ಥಿತಿ ಇತ್ತು, ಪಿತನು ಅವರನ್ನು ಸೃಷ್ಟಿಸಿದರು ಎಂದು ಕಲಿಸಿದ. ಸಭೆ ಅದನ್ನು ಒಪ್ಪಲಿಲ್ಲ. ಸುತರು ಸೃಷ್ಟಿಯಲ್ಲ, ಪಿತನೊಡನೆ ಒಂದೇ ಸತ್ವದವರು ಎಂದು ಸಾರಿತು. ಕೊನೆಯವರೆಗೂ ಸಹಿ ಹಾಕದೆ ಉಳಿದ ಧರ್ಮಾಧ್ಯಕ್ಷರು ಇಬ್ಬರೇ.

ಹಾಗಾದರೆ ಈ ವಿಶ್ವಾಸ 325ರಲ್ಲಿ ಹುಟ್ಟಿತೇ? ಅದೇ ನೈಸಿಯ ಇರುವ ಬಿಥೀನಿಯ ಪ್ರಾಂತ್ಯಕ್ಕೆ ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. ಸುಮಾರು 112ರಲ್ಲಿ ಅಲ್ಲಿನ ರಾಜ್ಯಪಾಲ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಅವನು ಕ್ರೈಸ್ತನಲ್ಲ, ಕ್ರೈಸ್ತರನ್ನು ವಿಚಾರಣೆ ಮಾಡಿ ಶಿಕ್ಷಿಸುತ್ತಿದ್ದವನು. ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಕೂಡಿ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಎಂದು ಅವನು ವರದಿ ಮಾಡಿದ್ದಾನೆ. ನಿಜ ತಿಳಿಯಲೆಂದು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನೂ ಬರೆದಿದ್ದಾನೆ. ಅವರು ಆ ಸಭೆಯ ಸೇವಕಿಯರು. ಅವರ ಹೆಸರು ಉಳಿದಿಲ್ಲ. ಅವರ ಹಿಂದೆ ಯಾವ ಚಕ್ರವರ್ತಿಯೂ ನಿಂತಿರಲಿಲ್ಲ, ಎದುರಿಗಿದ್ದದ್ದೇ ಚಕ್ರವರ್ತಿಯ ಅಧಿಕಾರ.

ಇನ್ನೂ ಹಿಂದಕ್ಕೆ ಹೋದರೆ ಸಂತ ಪೌಲರ ಪತ್ರಗಳಿವೆ. ಕ್ರಿಸ್ತರು ಶಿಲುಬೆಗೇರಿ ಸುಮಾರು ಮೂರು ದಶಕಗಳೊಳಗೆ ಅವರು ಫಿಲಿಪ್ಪಿಯರಿಗೆ ಬರೆದರು. ದೈವಸ್ವರೂಪಿಯಾದವರು ತಮ್ಮನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದರು, ಅವರ ನಾಮಕ್ಕೆ ಎಲ್ಲರೂ ಮೊಣಕಾಲೂರಬೇಕು ಎಂಬುದು ಆ ಭಾಗದ ತಿರುಳು (2:6-11). ಎಲ್ಲರೂ ಮೊಣಕಾಲೂರುವುದು ಸರ್ವೇಶ್ವರನ ಮುಂದೆ ಮಾತ್ರ ಎಂದು ಪ್ರವಾದಿ ಯೆಶಾಯನ ಗ್ರಂಥ ಹೇಳುತ್ತದೆ. ಒಬ್ಬನೇ ದೇವರೆಂದು ಬಾಲ್ಯದಿಂದ ಕಲಿತ ಯೆಹೂದ್ಯರಾದ ಪೌಲರು ಅದೇ ಮಾತನ್ನು ಯೇಸುವಿಗೆ ಸಲ್ಲಿಸಿದರು. ನೈಸಿಯದ ಧರ್ಮಾಧ್ಯಕ್ಷರು ಹೊಸ ದೇವರನ್ನು ಮಾಡಲಿಲ್ಲ. ತಮ್ಮ ಹಿರಿಯರು ಯಾರ ಮುಂದೆ ಮೊಣಕಾಲೂರಿದ್ದರೋ ಅವರು ಯಾರೆಂದು ಸ್ಪಷ್ಟವಾಗಿ ಹೇಳಿದರು, ಅಷ್ಟೆ.

ಚಕ್ರವರ್ತಿಯ ಮಾತಿಗೂ ಒಂದು ಉತ್ತರವಿದೆ. ಕಾನ್‌ಸ್ಟಂಟೈನ್ 337ರಲ್ಲಿ ಮರಣಶಯ್ಯೆಯಲ್ಲಿ ದೀಕ್ಷಾಸ್ನಾನ ಪಡೆದದ್ದು ಆರಿಯುಸನ ಪಕ್ಷದಲ್ಲಿದ್ದ ಧರ್ಮಾಧ್ಯಕ್ಷರ ಕೈಯಿಂದ. ಅವನ ಮಗ ಕಾನ್‌ಸ್ಟಾಂಟಿಯುಸ್ ಬೆಂಬಲಿಸಿದ್ದು ನೈಸಿಯವನ್ನು ವಿರೋಧಿಸಿದವರನ್ನು. ನೈಸಿಯದ ವಿಶ್ವಾಸಕ್ಕಾಗಿ ನಿಂತ ಸಂತ ಅಥನಾಸಿಯುಸರು ತಮ್ಮ 45 ವರ್ಷಗಳ ಧರ್ಮಾಧ್ಯಕ್ಷ ಸೇವೆಯಲ್ಲಿ ಐದು ಸಲ ಊರು ಬಿಡಬೇಕಾಯಿತು. ಸುಮಾರು 17 ವರ್ಷ ಅವರು ಕಳೆದದ್ದು ಹೊರಗೇ. ಅರಮನೆಯ ಅಪ್ಪಣೆಯಿಂದ ಹುಟ್ಟಿದ ವಿಶ್ವಾಸವಾಗಿದ್ದರೆ ಅರಮನೆ ತಿರುಗಿಬಿದ್ದ ದಿನವೇ ಅದು ಸಾಯಬೇಕಿತ್ತು. ಸಾಯಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅದನ್ನು ಮತ್ತೆ ದೃಢಪಡಿಸಿತು. ಇಂದಿಗೂ ಬಲಿಪೂಜೆಯಲ್ಲಿ ಅದೇ ವಿಶ್ವಾಸ ಪ್ರಮಾಣವನ್ನು ನಾವು ಎದ್ದು ನಿಂತು ಹೇಳುತ್ತೇವೆ.

ಇನ್ನು ಬೈಬಲಿನ ಪುಸ್ತಕಗಳು. ನೈಸಿಯ ಸಭೆ ಹೊರಡಿಸಿದ 20 ನಿಯಮಗಳಲ್ಲಿ ಒಂದೂ ಬೈಬಲಿನ ಪುಸ್ತಕಗಳ ಪಟ್ಟಿಯ ಬಗ್ಗೆ ಇಲ್ಲ. ಶುಭಸಂದೇಶಗಳು ನಾಲ್ಕೇ ಎಂದು ಸಂತ ಇರೆನೇಯುಸರು ಸುಮಾರು 180ರಲ್ಲೇ ಬರೆದಿದ್ದರು. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ನಾವಿಂದು ಬಲ್ಲಂತೆ ಅಥನಾಸಿಯುಸರು ಪಟ್ಟಿ ಮಾಡಿದ್ದು 367ರ ಪಾಸ್ಕ ಪತ್ರದಲ್ಲಿ. ಉತ್ತರ ಆಫ್ರಿಕದ ಹಿಪ್ಪೋ ಮತ್ತು ಕಾರ್ಥೇಜ್ ಸಭೆಗಳು 393 ಮತ್ತು 397ರಲ್ಲಿ ಪಟ್ಟಿಯನ್ನು ಅಂಗೀಕರಿಸಿದವು. ನಮ್ಮ ಬೈಬಲಿನ 73 ಪುಸ್ತಕಗಳನ್ನು ಟ್ರೆಂಟ್ ಮಹಾಸಭೆ 1546ರಲ್ಲಿ ವಿಧ್ಯುಕ್ತವಾಗಿ ಘೋಷಿಸಿತು. ಪ್ರೇಷಿತರಿಂದ ಬಂದವೆಂದು, ಪೂಜೆಯಲ್ಲಿ ಓದಲು ತಕ್ಕವೆಂದು ಭಕ್ತಜನ ಬಹುಕಾಲದಿಂದ ಕಾಪಾಡಿಕೊಂಡು ಬಂದದ್ದನ್ನೇ ಧರ್ಮಸಭೆ ಗುರುತಿಸಿತು.

ಈಗ ಬಾಗಿಲಿಗೆ ಬಂದವರ ಮಾತು. ಆರಿಯುಸನೂ ಬೈಬಲ್ ಹಿಡಿದೇ ವಾದಿಸಿದ ಎಂಬುದನ್ನು ನಾವು ಮರೆಯಬಾರದು. ಪಿತನು ತಮಗಿಂತ ದೊಡ್ಡವರೆಂದು ಯೇಸು ಹೇಳಿದ ಮಾತು (ಯೊವಾನ್ನ 14:28) ಅವನ ಪಕ್ಷದವರಿಗೂ ಆಧಾರವಾಗಿತ್ತು. ಅದು ಪವಿತ್ರ ಗ್ರಂಥದ ಮಾತೇ. ಧರ್ಮಸಭೆ ಅದನ್ನು ಅಳಿಸಲಿಲ್ಲ, ಇಂದಿಗೂ ಪೂಜೆಯಲ್ಲಿ ಓದುತ್ತದೆ. ಆದರೆ ಅದೇ ಶುಭಸಂದೇಶದ ಮೊದಲ ಸಾಲುಗಳು ದಿವ್ಯವಾಣಿ ದೇವರೇ ಆಗಿತ್ತೆನ್ನುತ್ತವೆ. ಕೊನೆಯ ಭಾಗದಲ್ಲಿ ತೋಮನು ಪುನರುತ್ಥಾನರಾದ ಯೇಸುವನ್ನು ತನ್ನ ಪ್ರಭು, ತನ್ನ ದೇವರು ಎಂದು ಕರೆಯುತ್ತಾನೆ, ಯೇಸು ಅವನನ್ನು ತಡೆಯುವುದಿಲ್ಲ. ನಡುವಿನ ಒಂದು ವಾಕ್ಯವನ್ನು ಕಿತ್ತು ತೋರಿಸಿದರೆ ಅದು ಯೊವಾನ್ನರ ಸಾಕ್ಷ್ಯವಾಗಿ ಉಳಿಯುವುದಿಲ್ಲ. ಸುತರು ನಿಜವಾಗಿ ಮನುಷ್ಯರಾದರು, ವಿಧೇಯರಾಗಿ ಪಿತನ ಬಳಿಗೆ ನಡೆದರು. ಆ ತಗ್ಗುವಿಕೆಯ ಮಾತು ಅವರ ದೈವತ್ವವನ್ನು ಅಳಿಸುವುದಿಲ್ಲ.

ಕಾಸರಗೋಡಿನಂಥ ಗಡಿನಾಡಿನಲ್ಲಿರುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಕನ್ನಡದಲ್ಲಿ 'ಅವಸರ' ಎಂದರೆ ಆತುರ. ಮಲಯಾಳಂನಲ್ಲಿ ಅದೇ ಪದಕ್ಕೆ ಅವಕಾಶ ಎಂದರ್ಥ. ಪದ ಒಂದೇ, ಅರ್ಥ ತಿಳಿಯಲು ಅದು ಯಾವ ಮನೆಯ ಮಾತೆಂದು ಕೇಳಬೇಕು. ಬೈಬಲ್ ವಾಕ್ಯದ ಮನೆ ಯಾವುದು? ಇಡೀ ಪವಿತ್ರ ಗ್ರಂಥ, ಮತ್ತು ಅದನ್ನು ಮೊದಲಿನಿಂದ ಪ್ರಾರ್ಥನೆಯಲ್ಲಿ ಓದುತ್ತ ಬಂದ ಧರ್ಮಸಭೆ. 1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ದೇಯಿ ವೆರ್ಬುಂ' ಇದನ್ನೇ ಕಲಿಸುತ್ತದೆ. ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಿರುವುದು ಎಂದೂ ಅದು ಎಚ್ಚರಿಸುತ್ತದೆ. ಈ ಎಚ್ಚರಿಕೆ ಮೊದಲು ಗುರುಗಳಾದ ನಮಗೆ.

ಇಷ್ಟೆಲ್ಲ ಯಾಕೆ, ಯೇಸು ದೊಡ್ಡವರು ಎಂದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಸೃಷ್ಟಿಯಾದವರೊಬ್ಬರು ನಮ್ಮನ್ನು ದೇವರೊಡನೆ ಒಂದುಗೂಡಿಸಲಾರರು ಎಂಬುದು ಅಥನಾಸಿಯುಸರ ಮುಖ್ಯ ವಾದ. ಯೋಚಿಸಿ ನೋಡಿ. ಪಾಪನಿವೇದನೆಯಲ್ಲಿ ನಮಗೆ ಕ್ಷಮೆ ಕೊಡುವವರು ಯಾರು? ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಶಿಲುಬೆಯನ್ನು ಹಿಡಿದುಕೊಂಡಾಗ ನಮ್ಮ ನೋವನ್ನು ಬಲ್ಲವರು ಯಾರು? ಅವರು ದೇವರಲ್ಲವಾದರೆ, ದೇವರು ದೂರದಲ್ಲೇ ಉಳಿದು ಬೇರೊಬ್ಬರನ್ನು ಸಾಯಲು ಕಳಿಸಿದಂತಾಯಿತು. ಅವರು ದೇವರಾದರೆ, ನಮ್ಮ ಮರಣದ ಆಳಕ್ಕೆ ಇಳಿದು ಬಂದವರು ದೇವರೇ. ನಮ್ಮ ಎಲ್ಲ ಭರವಸೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಆದ್ದರಿಂದ ಬಾಗಿಲಿಗೆ ಬಂದವರನ್ನು ಬೈಯುವುದು ಬೇಡ. ನೀರು ಕೊಟ್ಟು ಕೂರಿಸಿ. ಅವರು ತೋರಿಸಿದ ವಾಕ್ಯದ ಹಿಂದುಮುಂದನ್ನೂ ಓದೋಣ ಎನ್ನಿ. ಹಾಗೆನ್ನಲು ಮೊದಲು ನಾವು ಓದಿರಬೇಕಷ್ಟೆ. ಜಪಸರದ ನಂತರ ದಿನಕ್ಕೆ ಹತ್ತು ನಿಮಿಷ ಯೊವಾನ್ನರ ಶುಭಸಂದೇಶವನ್ನು ಮನೆಯವರೆಲ್ಲ ಕೂಡಿ ಓದಿ. ಇರುವುದು 21 ಅಧ್ಯಾಯ. ದಿನಕ್ಕೊಂದರಂತೆ ಮೂರೇ ವಾರದಲ್ಲಿ ಮುಗಿಯುತ್ತದೆ. ಮಕ್ಕಳು ಪ್ರಶ್ನೆ ಕೇಳಲಿ, ಗದರಿಸಬೇಡಿ. ತೋಮನೂ ಪ್ರಶ್ನೆ ಕೇಳಿದವನೇ, ಪ್ರಭು ಅವನನ್ನು ಹೊರಗಟ್ಟಲಿಲ್ಲ.

ದೇವರ ವಾಕ್ಯ ನಿಮ್ಮ ಮನೆಗಳಲ್ಲಿ ಸಮೃದ್ಧವಾಗಿ ನೆಲೆಸಲಿ.