ಅರ್ಜಿ ಇರಲಿ, ಆಲ್ಬಮ್ ಬೇಡ

ಸೆಪ್ಟೆಂಬರ್ 5 ಹತ್ತಿರವಾದಂತೆ ಪ್ರತಿವರ್ಷ ಅದೇ ಜಗಳ ಶುರುವಾಗುತ್ತದೆ. ರಾಧಾಕೃಷ್ಣನ್ ಹುಟ್ಟಿದ ದಿನ ಕೊಡುವ ಪ್ರಶಸ್ತಿಗೆ ಶಿಕ್ಷಕರು ತಾವೇ ಅರ್ಜಿ ಹಾಕಬೇಕೇ? ಕೇಳಿ ಪಡೆದದ್ದೂ ಒಂದು ಪ್ರಶಸ್ತಿಯೇ ಎಂದು ಹಲವರು ಮೂಗು ಮುರಿಯುತ್ತಾರೆ. ನಿಜವಾದ ಮೇಷ್ಟ್ರು ಅದರ ಹಿಂದೆ ಹೋಗುವುದಿಲ್ಲ, ಸರ್ಕಾರವೇ ಅವರನ್ನು ಹುಡುಕಿಕೊಂಡು ಬರಬೇಕು ಎಂದು ವೇದಿಕೆ ಮೇಲಿದ್ದವರು ಹೇಳಿದರೆ ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆ ಚಪ್ಪಾಳೆಗೆ ನಾನು ಕೈ ಜೋಡಿಸಲಾರೆ. ಅರ್ಜಿ ಹಾಕುವುದರಲ್ಲಿ ಯಾವ ಅವಮಾನವೂ ಇಲ್ಲ. ಆ ಅರ್ಜಿ ಶಿಕ್ಷಕರಿಂದ ಏನೇನು ಕೇಳುತ್ತದೆಂದು ನೋಡಿದರೆ ಮಾತ್ರ ಸಿಟ್ಟು ಬರುತ್ತದೆ.

ಸರ್ಕಾರವೇ ಹುಡುಕುತ್ತಿದ್ದ ಕಾಲವನ್ನು ನಾವು ನೋಡಿದ್ದೇವಲ್ಲ. ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ ಶುರುವಾದದ್ದು 1958ರಲ್ಲಿ. ಆಗಿನಿಂದ 2018ರ ಮಾರ್ಗಸೂಚಿ ಬರುವ ತನಕ ರಾಜ್ಯಗಳು ಹೆಸರು ಕಳಿಸುತ್ತಿದ್ದವು, ದೆಹಲಿ ಒಪ್ಪುತ್ತಿತ್ತು. ಹೆಸರು ಹೋಗಬೇಕಾದರೆ ಮೇಲಿನವರಿಗೆ ಆ ಹೆಸರು ಗೊತ್ತಿರಬೇಕು. ಗೊತ್ತಾಗಬೇಕಾದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಆಗಾಗ ಮುಖ ತೋರಿಸಬೇಕು, ಇಲ್ಲವೇ ಶಿಕ್ಷಕರ ಸಂಘದಲ್ಲಿ ಒಂದು ಸ್ಥಾನವಿರಬೇಕು. ದೇವದುರ್ಗದ ಯಾವುದೋ ತಾಂಡಾ ಶಾಲೆಯಲ್ಲಿ ಒಬ್ಬಳೇ ಮೂರು ತರಗತಿ ನೋಡಿಕೊಳ್ಳುವ ಶಿಕ್ಷಕಿಗೆ ಇದೆಲ್ಲ ಎಲ್ಲಿಂದ ಸಾಧ್ಯ? 2018ರಲ್ಲಿ ಆನ್‌ಲೈನ್ ಅರ್ಜಿ ಬಂತು. ಮುನ್ನೂರಕ್ಕೂ ಹೆಚ್ಚಿದ್ದ ಪ್ರಶಸ್ತಿಗಳು 45ಕ್ಕೆ ಇಳಿದವು. ಮೊಬೈಲ್ ಹಿಡಿದು ಯಾರ ಶಿಫಾರಸೂ ಇಲ್ಲದೆ ಹೆಸರು ನೋಂದಾಯಿಸಬಹುದಾಯಿತು. ಪದ್ಮ ಪ್ರಶಸ್ತಿಗೇ ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳಬಹುದಾದ ದೇಶದಲ್ಲಿ ಮೇಷ್ಟ್ರಿಗೆ ಮಾತ್ರ ಸಂಕೋಚದ ಪಾಠ ಹೇಳುವುದು ಯಾವ ನ್ಯಾಯ? ನೊಬೆಲ್‌ಗೆ ಸ್ವಂತ ಹೆಸರು ಸೂಚಿಸಿಕೊಳ್ಳುವಂತಿಲ್ಲ, ನಿಜ. ಆದರೆ ನೊಬೆಲ್ ಸಮಿತಿಗೆ ಹೆಸರು ಸೂಚಿಸುವವರು ಲೋಕದಾದ್ಯಂತ ಇದ್ದಾರೆ. ತಾಂಡಾ ಶಾಲೆಯ ಶಿಕ್ಷಕಿಯ ಹೆಸರು ಹೇಳಲು ಆಕೆಯ ಮಕ್ಕಳನ್ನು ಬಿಟ್ಟರೆ ಯಾರೂ ಇಲ್ಲ.

ಇನ್ನು ಆ ಅರ್ಜಿಯ ವಿಷಯ. ಒಟ್ಟು 100 ಅಂಕ. ಹಾಜರಾತಿ, ಸೇವಾ ವರದಿ, ಪಡೆದ ತರಬೇತಿ, ಪ್ರಕಟಣೆ, ಸಮುದಾಯದಿಂದ ತಂದ ನೆರವು ಮುಂತಾದವಕ್ಕೆ 20. ಉಳಿದ 80 ಹೊಸ ಪ್ರಯೋಗ, ಸಹಪಠ್ಯ ಚಟುವಟಿಕೆ, ಜನರನ್ನು ಶಾಲೆಯತ್ತ ಸೆಳೆದದ್ದು, ರಾಷ್ಟ್ರನಿರ್ಮಾಣ ಇಂಥವಕ್ಕೆ. ಎಲ್ಲಕ್ಕೂ ಪುರಾವೆ ಬೇಕು. ದಾಖಲೆ, ಫೋಟೊ, ಆಡಿಯೊ, ವಿಡಿಯೊ, ವರದಿ ಎಲ್ಲ ಸೇರಿಸಿ ಒಂದು ಪೋರ್ಟ್‌ಫೋಲಿಯೊ ಏರಿಸಬೇಕು. ಕಾಗದದ ಮೇಲೆ ತಪ್ಪೇನೂ ಕಾಣುವುದಿಲ್ಲ. ಅದು ಶಾಲೆಗೆ ಇಳಿದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ನಾನು ಬಲ್ಲ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಜೂನ್ ತಿಂಗಳಿಡೀ ಹಳೆಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಕೆದಕುತ್ತಿದ್ದರು. ವಿಜ್ಞಾನ ದಿನಾಚರಣೆಯ ಫೋಟೊದಲ್ಲಿ ಫ್ಲೆಕ್ಸ್ ಅರ್ಧ ಕಟ್ಟಾಗಿದೆ, ಶಾಸಕರು ಲ್ಯಾಬ್ ಉದ್ಘಾಟಿಸಿದ ದಿನದ ಪೇಪರ್ ಕಟಿಂಗ್ ಸಿಗುತ್ತಿಲ್ಲ, ಗ್ರಹಣ ತೋರಿಸಿದ ದಿನ ಯಾರೂ ಕ್ಯಾಮೆರಾ ಹಿಡಿದಿರಲಿಲ್ಲ. 'ಈ ವರ್ಷದಿಂದ ಏನು ಮಾಡಿದರೂ ಮೊದಲು ಫೋಟೊ, ಆಮೇಲೆ ಪಾಠ' ಎಂದರು. ತಮಾಷೆಗೆ ಹೇಳಿದ್ದಲ್ಲ.

ಫೋಟೊಗೆ ಸಿಗದ ಪಾಠ ಎಂಥದ್ದು? ಆರು, ಏಳನೇ ತರಗತಿಯ ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. ಒಬ್ಬ ಶಿಕ್ಷಕಿ ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದೇ ಒಂದು ತಂತಿ ಮೇಜಿನ ಮೇಲಿಡುತ್ತಾರೆ. ಬಲ್ಬ್ ಉರಿಯಬೇಕು, ಹೇಗೆಂದು ಮೊದಲು ಬರೆದು ತೋರಿಸಿ ಎನ್ನುತ್ತಾರೆ. ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಸೆಲ್ಲಿನ ತುದಿಯಿಂದ ಬಲ್ಬಿನ ಬುಡಕ್ಕೆ ಒಂದು ಗೆರೆ ಎಳೆದು ಕೈ ಕಟ್ಟಿ ಕೂರುತ್ತಾರೆ. ನಲ್ಲಿಯಿಂದ ನೀರು ಬಂದಂತೆ ಸೆಲ್ಲಿನಿಂದ ಕರೆಂಟ್ ಬರುತ್ತದೆ, ಬಲ್ಬ್ ಅದನ್ನು ಕುಡಿಯುತ್ತದೆ ಎಂದು ಅವರ ಲೆಕ್ಕ. ಶಿಕ್ಷಕಿ ತಪ್ಪು ಎನ್ನುವುದಿಲ್ಲ, ಮಾಡಿ ನೋಡಿ ಎನ್ನುತ್ತಾರೆ. ಉರಿಯುವುದಿಲ್ಲ. ಸೆಲ್ ಹಳೆಯದು ಎಂದು ಒಬ್ಬ, ತಂತಿ ಒಳಗೇ ತುಂಡಾಗಿದೆ ಎಂದು ಇನ್ನೊಬ್ಬಳು. ಆ ವಾದವನ್ನೂ ಅವರೇ ಪರೀಕ್ಷಿಸಿ ನೋಡಲಿ ಎಂದು ಬಿಡುತ್ತಾರೆ. ಕೊನೆಗೊಬ್ಬಳು ಬಲ್ಬಿನ ತುದಿಯನ್ನು ನೇರ ಸೆಲ್ಲಿನ ತಲೆಯ ಮೇಲೆ ಒತ್ತಿ, ಸೆಲ್ಲಿನ ತಳದಿಂದ ತಂದ ತಂತಿಯನ್ನು ಬಲ್ಬಿನ ಪಕ್ಕಕ್ಕೆ ತಾಗಿಸುತ್ತಾಳೆ. ಬಲ್ಬ್ ಹತ್ತುತ್ತದೆ. ಹೋದ ದಾರಿಗೆ ವಾಪಸ್ ಬರುವ ದಾರಿಯೂ ಬೇಕು ಎಂಬುದು ಆ ಕ್ಷಣ ಅವಳ ಬೆರಳಿಗೆ ತಿಳಿದಿದೆ, ಪುಸ್ತಕದ ಚಿತ್ರ ನೋಡಿ ಅಲ್ಲ. ಇಡೀ ನಲವತ್ತು ನಿಮಿಷದಲ್ಲಿ ಶಿಕ್ಷಕಿ ಆಡಿದ್ದು ಹತ್ತಾರು ಮಾತು. ಇದರ ಫೋಟೊ ತೆಗೆದರೆ ಮಕ್ಕಳ ಬೆನ್ನು ಕಾಣುತ್ತದೆ, ಖರ್ಚು ಕೇಳಿದರೆ ಒಂದು ಚಹಾದ ದುಡ್ಡು. ಈ ಪಾಠ ಯಾವ ಅಂಕಣಕ್ಕೂ ಸೇರುವುದಿಲ್ಲ.

ಅದೇ ಶಾಲೆಗೆ ದಾನಿಗಳಿಂದ ಸ್ಮಾರ್ಟ್ ಬೋರ್ಡ್ ತರಿಸಿದವರಿಗೆ ಅಂಕಣಗಳು ಸಾಲುಗಟ್ಟಿ ನಿಲ್ಲುತ್ತವೆ. ನನ್ನ ದೊಡ್ಡ ತಕರಾರು ಇಲ್ಲಿದೆ. ಕಟ್ಟಡ, ಕಂಪ್ಯೂಟರ್, ಪುಸ್ತಕ, ನಿಧಿ ತರಲು ಪೋಷಕರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಹುರಿದುಂಬಿಸಿದ್ದೀರಾ ಎಂದು ಮಾರ್ಗಸೂಚಿ ಕೇಳುತ್ತದೆ. ಕಟ್ಟಡವೂ ಕಂಪ್ಯೂಟರೂ ಕೊಡಬೇಕಾದವರು ಯಾರು? ತಾನು ಮಾಡದೆ ಬಿಟ್ಟ ಕೆಲಸವನ್ನು ಮೇಷ್ಟ್ರು ಕೈಚಾಚಿ ಮಾಡಿಸಿಕೊಂಡರೆ, ಅದಕ್ಕೊಂದು ಬೆಳ್ಳಿ ಪದಕ ಮತ್ತು ₹50,000 ಕೊಟ್ಟು ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ಹೆದ್ದಾರಿ ಬದಿಯ ಶಾಲೆಗೆ, ಕಾರ್ಖಾನೆ ಇರುವ ಊರಿನ ಶಾಲೆಗೆ ದಾನಿಗಳು ಸಿಗುತ್ತಾರೆ. ಮಳೆಗಾಲದಲ್ಲಿ ಹಳ್ಳ ದಾಟಿ ಹೋಗಬೇಕಾದ ಮಲೆನಾಡಿನ ಶಾಲೆಗೆ ಯಾವ ಕಂಪನಿಯ ಸಿಎಸ್‌ಆರ್ ಬರುತ್ತದೆ?

ತಂತ್ರಜ್ಞಾನದ ಹೆಸರಿನ ಪ್ರಶಸ್ತಿಗಳದ್ದೂ ಇದೇ ಕಥೆ. ಐಸಿಟಿ ಬಳಸುವ ಶಿಕ್ಷಕರಿಗೆಂದೇ ರಾಷ್ಟ್ರ ಪ್ರಶಸ್ತಿಯೊಂದು 2010ರಿಂದ ಇದೆ. ಒಳ್ಳೆಯದೇ. ಆದರೆ ಎಷ್ಟು ವಿಡಿಯೊ ಮಾಡಿದೆ, ಯೂಟ್ಯೂಬ್ ಚಾನೆಲ್ಲಿಗೆ ಎಷ್ಟು ಚಂದಾದಾರರು ಎಂದು ಹೇಳಿಕೊಳ್ಳುವುದು ಸುಲಭ, ಆ ವಿಡಿಯೊ ನೋಡಿದ ಮೇಲೆ ಮಗುವಿನ ತಲೆಯಲ್ಲಿ ಏನು ಬದಲಾಯಿತು ಎಂದು ಹೇಳುವುದು ಕಷ್ಟ. ಮಕ್ಕಳಿಗೆಂದು ಇರುವ ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ₹10,000 ಬರುತ್ತದೆ. ಅದಕ್ಕೆ ಪ್ರತಿ ಶಾಲೆಯಿಂದ ಮಕ್ಕಳದ್ದೇ ಐದು ಹೊಸ ಐಡಿಯಾ ಹೋಗಬೇಕು. ಕೊನೆಯ ದಿನಾಂಕ ಹತ್ತಿರ ಬಂದಾಗ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಫೋನ್ ಬರುತ್ತದೆ: 'ಸರ್, ನಿಮ್ಮ ಶಾಲೆದು ಇನ್ನೂ ಸೊನ್ನೆ ತೋರಿಸ್ತಿದೆ.' ಸಂಜೆಯೊಳಗೆ ಐದು ಐಡಿಯಾಗಳು ಹುಟ್ಟುತ್ತವೆ. ಹುಟ್ಟಿಸಿದವರು ಯಾರು ಎಂದು ಮಗುವನ್ನೇ ಕೇಳಿ ನೋಡಿ.

ಇನ್ನೊಂದು ಷರತ್ತಿನ ಬಗ್ಗೆ ಯಾರೂ ದನಿ ಎತ್ತುವುದಿಲ್ಲ. ಗುತ್ತಿಗೆ ಶಿಕ್ಷಕರು ಈ ರಾಷ್ಟ್ರ ಪ್ರಶಸ್ತಿಗೆ ಅರ್ಹರಲ್ಲ. ಮನೆಪಾಠ ಮಾಡುವವರು ಬೇಡ ಎಂದದ್ದು ಸರಿ, ಅಧಿಕಾರಿಗಳು ಬೇಡ ಎಂದದ್ದು ಇನ್ನೂ ಸರಿ. ಆದರೆ ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿರುವವರು ಅತಿಥಿ ಶಿಕ್ಷಕರು. ಶೈಕ್ಷಣಿಕ ವರ್ಷ ಮುಗಿದೊಡನೆ ಮನೆಗೆ, ಜೂನ್‌ನಲ್ಲಿ ಆದೇಶ ಬಂದರೆ ಮತ್ತೆ ಶಾಲೆಗೆ. ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುತ್ತಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ವಿಶೇಷ ತರಗತಿ ತೆಗೆದುಕೊಳ್ಳುವವರನ್ನು ಶಿಕ್ಷಕರ ದಿನದಂದು ಶಿಕ್ಷಕರಲ್ಲ ಎನ್ನುವುದಾದರೆ, ಉಳಿದ ದಿನ ಅವರ ಕೈಗೆ ಚಾಕ್‌ಪೀಸ್ ಕೊಡುವುದಾದರೂ ಏಕೆ?

ಬೇರೆಯವರು ಏನು ಮಾಡುತ್ತಾರೆ ಎಂದು ನೋಡುವುದರಲ್ಲಿ ತಪ್ಪಿಲ್ಲ. ಅಮೆರಿಕದಲ್ಲಿ ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗೆ ಅಧ್ಯಕ್ಷರ ಹೆಸರಿನ ಪ್ರಶಸ್ತಿಯೊಂದು 1983ರಿಂದ ಇದೆ. ಅಲ್ಲಿಯೂ ಶಿಕ್ಷಕರು ಅರ್ಜಿ ತುಂಬುತ್ತಾರೆ. ಅರ್ಜಿಯ ತಿರುಳು ಒಂದೇ ಪಾಠದ ಮೂವತ್ತು ನಿಮಿಷದ ವಿಡಿಯೊ. ಕತ್ತರಿ ಆಡಿಸುವಂತಿಲ್ಲ. ಆ ಪಾಠ ಏಕೆ ಹಾಗೆ ಮಾಡಿದೆ, ಮಕ್ಕಳು ಎಲ್ಲಿ ತಪ್ಪಿದರು, ಮುಂದೆ ಏನು ಬದಲಿಸುತ್ತೇನೆ ಎಂದು ಜೊತೆಗೆ ಬರೆಯಬೇಕು. ಅಲ್ಲಿಯೂ ಎಲ್ಲ ಸುಸೂತ್ರ ಅಂತಲ್ಲ, ಕೆಲವು ವರ್ಷಗಳ ಪ್ರಶಸ್ತಿಗಳನ್ನು ಕೂಡಿಹಾಕಿ 2025ರ ಜನವರಿಯಲ್ಲಿ ಒಟ್ಟಿಗೆ ಘೋಷಿಸಿದರು. ಆದರೂ ಅವರು ಪಾಠ ನೋಡುತ್ತಾರೆ.

ನಮ್ಮಲ್ಲಿ ಜಿಲ್ಲಾ ಸಮಿತಿಗೆ ಸತ್ಯಾಂಶ ಪರಿಶೀಲಿಸುವ ಅಧಿಕಾರವಿದೆ, ರಾಷ್ಟ್ರಮಟ್ಟದ ಜ್ಯೂರಿ ಮುಂದೆ ಶಿಕ್ಷಕರು ಮಂಡನೆಯನ್ನೂ ಮಾಡುತ್ತಾರೆ ಎಂದು ಇಲಾಖೆಯವರು ಹೇಳಬಹುದು. ಹೌದು. ಪರಿಶೀಲನೆ ಕಡತದಲ್ಲಿರುವುದು ನಿಜವೋ ಸುಳ್ಳೋ ಎಂಬುದಕ್ಕೆ, ಮಂಡನೆ ಚೆನ್ನಾಗಿ ಮಾತನಾಡಬಲ್ಲರೋ ಇಲ್ಲವೋ ಎಂಬುದಕ್ಕೆ. ಹನ್ನೆರಡು ವರ್ಷದ ಮಗು ತಪ್ಪು ಉತ್ತರ ಕೊಟ್ಟಾಗ ಈ ಶಿಕ್ಷಕಿ ಏನು ಮಾಡುತ್ತಾರೆ ಎಂದು ಎರಡೂ ಕಡೆ ಯಾರಿಗೂ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಆನ್‌ಲೈನ್ ಅರ್ಜಿ ಹಾಗೇ ಇರಲಿ, ಎರಡು ಪುಟಕ್ಕೆ ಇಳಿಯಲಿ. ದೇಣಿಗೆಯ ಅಂಕ ರದ್ದಾಗಲಿ. ಅತಿಥಿ ಶಿಕ್ಷಕರಿಗೂ ಬಾಗಿಲು ತೆರೆಯಲಿ. ಜಿಲ್ಲೆಯಿಂದ ರಾಜ್ಯಕ್ಕೆ ಹೋಗುವುದು ಮೂರೇ ಹೆಸರು. ಆ ಪಟ್ಟಿಯ ಅಂಚಿಗೆ ಬಂದ ಹತ್ತು ಹನ್ನೆರಡು ಜನರ ತರಗತಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಒಬ್ಬ ಉಪನ್ಯಾಸಕರು ಮತ್ತು ಪಕ್ಕದ ಜಿಲ್ಲೆಯ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕರು ಮುಂಚಿತವಾಗಿ ತಿಳಿಸದೆ ಹೋಗಿ, ಹಿಂದಿನ ಬೆಂಚಿನಲ್ಲಿ ಎರಡು ಪೀರಿಯಡ್ ಕೂರಲಿ. ಆಮೇಲೆ ಮಕ್ಕಳ ನೋಟ್‌ಬುಕ್ ತಿರುವಿ ಹಾಕಲಿ. ಸಮಯವಿಲ್ಲ ಎಂಬ ನೆಪ ಬೇಡ, ಶಾಲೆಗೆ ಹೋಗುವುದು ಡಯಟ್‌ನವರ ಕೆಲಸವೇ. ಟಿಎ-ಡಿಎಗೆ ಅನುದಾನವಿಲ್ಲ ಎನ್ನುವುದಾದರೆ, ಸೆಪ್ಟೆಂಬರ್ 5ರ ಸಮಾರಂಭದ ಶಾಮಿಯಾನ, ಹಾರ, ಶಾಲು, ಫ್ಲೆಕ್ಸಿನ ಬಾಬತ್ತಿನಿಂದ ಒಂದಿಷ್ಟು ತೆಗೆದರೆ ಸಾಕಾಗುತ್ತದೆ.