ಬಿಟ್ಟುಬಿಡುವ ವಿದ್ಯೆ

ಕಳೆದ ವಾರ ಹನೂರಿನಿಂದ ಬರುವಾಗ ಬಸ್ಸಿನಲ್ಲಿ ಪರಿಚಿತ ತರುಣಿಯೊಬ್ಬಳು ಲೆಕ್ಕ ಬಿಡಿಸುತ್ತಿದ್ದಳು. ಐಐಎಂಗಳ ಪ್ರವೇಶಕ್ಕೆ ನಡೆಯುವ ಕ್ಯಾಟ್ ಪರೀಕ್ಷೆಯ ಸಿದ್ಧತೆಯಂತೆ.

"ಒಂದು ಪ್ರಶ್ನೆಯನ್ನೂ ಬಿಡಬಾರದೆಂದು ನಮ್ಮ ಮೇಷ್ಟರು ಹೇಳುತ್ತಿದ್ದರು, ಸಾರ್. ಈಗ ಅದನ್ನೇ ಮರೆಯಬೇಕಾಗಿದೆ" ಎಂದಳು.

ನಿಜವೇ. ಸರಿಯುತ್ತರಕ್ಕೆ 3 ಅಂಕ. ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸುತ್ತ ಹೋದರೆ ಸರಾಸರಿ ಗಳಿಕೆ ಸೊನ್ನೆ. ಒಂದನ್ನಾದರೂ ತಪ್ಪೆಂದು ತಳ್ಳಿಹಾಕಬಲ್ಲವರಿಗೆ ಮಾತ್ರ ಊಹೆ ಗಿಟ್ಟುತ್ತದೆ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗೆ ಇದು ಹೇಳಿಕೊಡಬೇಕಾದ ಲೆಕ್ಕವಲ್ಲ! ವಿಭಾಗಕ್ಕೆ 40 ನಿಮಿಷ, ಮುಗಿದರೆ ಹಿಂದಿರುಗುವಂತಿಲ್ಲ.

ತಂದೆ ಒಂದು ವರ್ಷದ ಗಡುವು ಕೊಟ್ಟಿದ್ದಾರೆ. ಯಳಂದೂರಿನ ವರನ ಕಡೆಯವರೂ ಅಷ್ಟೇ ಕಾಯುವರಂತೆ. ಆ ಪ್ರಶ್ನೆಗೆ ಉತ್ತರವನ್ನು ನಾನು ಕೇಳಲಿಲ್ಲ.

ಕೊಳ್ಳೇಗಾಲ ಹತ್ತಿರವಾಯಿತು. ಬಗೆಹರಿಯದ ಲೆಕ್ಕವೊಂದಕ್ಕೆ ಸುತ್ತು ಹಾಕಿ, ಅವಳು ಪುಟ ತಿರುವಿದಳು.