ಅರ್ಧ ದಿನವೋ, ಇಡೀ ದಿನವೋ?

ಬೀದರ ಪೇಟೆಯ ನರ್ಸರಿಗೆ ಹಾಕಿದರೆ ಮಗ ಮಧ್ಯಾಹ್ನಕ್ಕೇ ಮನೆಗೆ. ಊರ ಅಂಗನವಾಡಿಯಾದರೆ ಸಂಜೆ ನಾಲ್ಕರವರೆಗೆ. ಬಹಮನಿ ಸುಲ್ತಾನರ ಗುಂಬಜಗಳಿರುವ ಅಷ್ಟೂರಿನಲ್ಲಿ ಹೊಲದ ಕೂಲಿಗೆ ಹೋಗುವ ತಾಯಿ ಯಾವುದನ್ನು ಆರಿಸಬೇಕು?

ನಾಲ್ಕು ವರ್ಷದ ಕೂಸಿಗೆ ಪಾಠ ಬಹಳ ಬೇಡ. ಶಾಲಾಪೂರ್ವ ಶಿಕ್ಷಣಕ್ಕೆ ದಿನಕ್ಕೆ ಮೂರು-ನಾಲ್ಕು ಗಂಟೆ ಸಾಕೆನ್ನುತ್ತದೆ ಎನ್‌ಸಿಇಆರ್‌ಟಿಯ 2019ರ ಮಾರ್ಗಸೂಚಿ. ಆಟ, ಹಾಡು, ಕಥೆ ಅಷ್ಟರಲ್ಲಿ ಮುಗಿಯುತ್ತವೆ. ಆದರೆ ಹೆಸರುಕಾಯಿ ಬಿಡಿಸುವ ಸುಗ್ಗಿಯಲ್ಲಿ ತಾಯಿ ಹೊಲದಿಂದ ಮರಳುವುದು ಹೊತ್ತು ಇಳಿದ ಮೇಲೆ. ಅಲ್ಲಿಯತನಕ ಕೂಸನ್ನು ನೋಡಿಕೊಳ್ಳಲು ಐದನೆಯ ತರಗತಿಯ ಅಕ್ಕ ಮನೆಯಲ್ಲೇ ಉಳಿಯುತ್ತಾಳೆ. ತಮ್ಮನ ಅರ್ಧ ದಿನದ ಶಾಲೆಗಾಗಿ ಅವಳ ಇಡೀ ದಿನದ ಶಾಲೆ ತಪ್ಪುತ್ತದೆ.

1975ರಲ್ಲಿ ಆರಂಭವಾದ ಐಸಿಡಿಎಸ್ ಯೋಜನೆಯ ಅಂಗನವಾಡಿಗಳಲ್ಲಿ ಕಲಿಕೆಯ ಜೊತೆಗೆ ಪೌಷ್ಟಿಕ ಆಹಾರವೂ ಸಿಗುತ್ತದೆ. ಇಡೀ ದಿನ ಎಂದರೆ ಇಡೀ ದಿನ ಪಾಠವೆಂದು ತಿಳಿಯಬೇಕಿಲ್ಲ. ಬೆಳಿಗ್ಗೆ ಆಟ-ಪಾಠ, ಮಧ್ಯಾಹ್ನ ಊಟ, ಆಮೇಲೆ ಒಂದು ನಿದ್ದೆ ಇದ್ದರಾಯಿತು.

ಮಗುವನ್ನು ಸೇರಿಸುವ ಮುನ್ನ ಪಾಲಕರು ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ನೋಡಲಿ. ಮಲಗಲು ಜಾಗವಿದೆಯೆ? ಕುಡಿಯಲು ನೀರಿದೆಯೆ? ಇದ್ದರೆ ನಿಶ್ಚಿಂತೆಯಿಂದ ಬಿಟ್ಟು ಬರಲಿ. ಅಕ್ಕನ ಪಾಟಿಚೀಲವೂ ಶಾಲೆಯ ದಾರಿ ಹಿಡಿದೀತು.